ಬೂದಿಗಣ್ಣನ ಮರದ ಉಗ್ರಾಣ

ಕಾರ್ತಿಕ ಬಹುಳ ದಶಮಿ, ಗುರುವಾರ. ಬೆಳಿಗ್ಗೆ ದಟ್ಟವಾಗಿ ಇಬ್ಬನಿ ಬಿದ್ದಿತ್ತು. ಹೊತ್ತೇರಿದ ಮೇಲೆ ಆಕಾಶ ತಿಳಿಯಾಗಿ ಒಣಗಾಳಿ ಬೀಸತೊಡಗಿತು.

ಬಹಳ ಕಾಲದ ಹಿಂದೆ, ತೊರೆನಾಡು ಎಂಬ ರಾಜ್ಯದಲ್ಲಿ, ಕೇತೋಜನೆಂಬ ಬಡಗಿ ಆ ದಿನ ತನ್ನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಮರ ಜೋಡಿಸುತ್ತಿದ್ದ. ಮರ ಒಣಗಿಸಲು ಅಂಥ ಗಾಳಿ ಒಳ್ಳೆಯದು.

ಕೇತೋಜನ ಕೊಟ್ಟಿಗೆಯಲ್ಲಿ ಪ್ರತಿಯೊಂದಕ್ಕೂ ಜಾಗವಿತ್ತು. ದಿಮ್ಮಿಗಳು ನೆಲ ತಾಗದಂತೆ ಕಲ್ಲುಗಳ ಮೇಲೆ. ಹಲಗೆಗಳು ಒಂದರ ಮೇಲೊಂದು, ನಡುನಡುವೆ ಗಾಳಿಯಾಡಲು ಸಣ್ಣ ರೀಪುಗಳು. ಕೆಲಸದಲ್ಲಿ ಉಳಿದ ತುಂಡುಗಳು ಗೋಡೆಯುದ್ದದ ಗೂಡುಗಳಲ್ಲಿ, ತೇಗಕ್ಕೊಂದು, ಬೀಟೆಗೊಂದು, ಹಲಸಿಗೊಂದು. ತೊರೆನಾಡಿನ ಬಡಗಿಗಳಲ್ಲಿ ಇನ್ನೊಂದು ರೂಢಿಯಿತ್ತು. ಮರ ಯಾವ ಕಡೆಯಿಂದ ಬೆಳೆಯಿತೋ ಆ ಬುಡದ ತುದಿಗೆ ಕಾವಿಯ ಬೊಟ್ಟು ಇಡುತ್ತಿದ್ದರು. ಕಂಬವಾಗಲಿ, ಮಂಚದ ಕಾಲಾಗಲಿ, ಮರ ಕಾಡಿನಲ್ಲಿ ನಿಂತಂತೆಯೇ ಮನೆಯಲ್ಲೂ ನಿಲ್ಲಬೇಕು. ತಲೆಕೆಳಗಾಗಿ ನಿಂತ ಮರ ಮನೆಯವರಿಗೆ ನೆಮ್ಮದಿ ಕೊಡುವುದಿಲ್ಲ ಎಂದು ಅವರು ನಂಬಿದ್ದರು. ಗೇಣುದ್ದದ ತುಂಡಿಗೂ ಕೇತೋಜ ಬೊಟ್ಟು ಇಡದೆ ಬಿಡುತ್ತಿರಲಿಲ್ಲ. ಗೂಡುಗಳ ಆಳ ಸರಿಯಾಗಿ ಒಂದು ಮೊಳ. ಯಾವ ತುಂಡಾದರೂ ಅದಕ್ಕಿಂತ ಒಂದಿಷ್ಟು ಹೊರಗೆ ಚಾಚಿದರೆ ಅವನು ಸಹಿಸುತ್ತಿರಲಿಲ್ಲ. ಗರಗಸ ತೆಗೆದುಕೊಂಡು ತುದಿ ಕತ್ತರಿಸಿ ಸಮ ಮಾಡುತ್ತಿದ್ದ.

ಅವನ ಹೆಂಡತಿ ಮಾಚಲೆ ಬುಟ್ಟಿ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಹೊಳೆಯ ಸೇತುವೆ ದಾಟಿ ಸಂತೆಗೆ ಹೊರಟಿದ್ದಳು.

“ಓಜರೆ, ಒಲೆಗೆ ಒಂದು ತುಂಡು ಕೊಡಿ ಅಂದರೆ, ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ ಮತ್ತೆ ಗೂಡಿಗೇ ಇಡುತ್ತೀರಲ್ಲ.”

“ಅದು ಬೀಟೆ. ಹಿಡಿಕೆಗೆ ಬರುತ್ತದೆ.”

“ಯಾವ ಹಿಡಿಕೆಗೆ?”

“ಯಾವುದಾದರೂ ಹಿಡಿಕೆಗೆ.”

ಮಾಚಲೆ ನಕ್ಕಳು. ಅವಳ ನಗು ಮೊದಲು ಮೂಗಿನಲ್ಲಿ ಸಣ್ಣಗೆ ಸದ್ದು ಮಾಡಿ, ಆಮೇಲೆ ತಡೆಯಲಾರದೆ ಬಾಯಿಗೆ ಬರುತ್ತಿತ್ತು. ಕುಂಬಾರರ ಬೀದಿಯವರೆಗೆ ಕೇಳಿಸುತ್ತಿತ್ತು. “ನಾನು ಸತ್ತರೆ ನನ್ನನ್ನೂ ಅಳೆದು, ಅಂಗಾಲಿಗೆ ಕಾವಿ ಹಚ್ಚಿ, ಇಲ್ಲೇ ಒಂದು ಗೂಡಿನಲ್ಲಿ ಇಟ್ಟುಬಿಡಿ. ಯಾವುದಕ್ಕಾದರೂ ಬಂದೇನು.”

ಕೇತೋಜ ಕಡಿಮೆ ಮಾತಿನವನು. ಆದರೆ ಅವಳು ಬೀದಿಯ ತಿರುವು ದಾಟುವವರೆಗೆ ಕೆಲಸ ನಿಲ್ಲಿಸಿ ನೋಡಿದ.

ಸಂಜೆ ಅವಳು ಮರಳಲಿಲ್ಲ. ಸಂತೆಗೆ ಹೋದವರು ಯಾರೂ ಮರಳಲಿಲ್ಲ.

ಸೇತುವೆಯ ಕೆಳಗೆ ದೋಣಿ ಕಟ್ಟಿದ್ದ ಅಂಬಿಗನೊಬ್ಬ ಮಾತ್ರ ಎಲ್ಲವನ್ನೂ ಕಂಡಿದ್ದ. ಅರಮನೆಯ ಮುಂದೆ ನಿಂತು ಅವನು ಹೇಳಿದ್ದು ಇಷ್ಟು. ಹೊಳೆಯಾಚೆಯ ಬೆಟ್ಟದಲ್ಲಿ ಬೂದಿಗಣ್ಣನೆಂಬ ಮಾಂತ್ರಿಕ ಬಹಳ ವರ್ಷಗಳಿಂದ ಒಂದು ಮನೆ ಕಟ್ಟಿಸುತ್ತಿದ್ದಾನಷ್ಟೆ? ಆ ಮನೆಗಾಗಿ ಬೆಟ್ಟದ ಕಾಡೆಲ್ಲ ಮುಗಿಯಿತು. ಈಗ ಅವನು ಸೇತುವೆಗೆ ಬಂದು, ಸಂತೆಗೆ ಹೊರಟವರನ್ನು ತಡೆದು, ತನ್ನ ಮನೆಗೆ ಇನ್ನೂ ಮರ ಬೇಕು ಎಂದ. ಹೆದರಿ ಸುಮ್ಮನೆ ನಿಂತವರು ನಿಂತಲ್ಲೇ ಹಲಗೆಗಳಾಗಿ ಬಿದ್ದರು. ಬಡಗಿಯ ಹೆಂಡತಿ ಮಾತ್ರ, “ಇಷ್ಟು ದೊಡ್ಡ ಮನೆ ಕಟ್ಟಿಸುತ್ತೀಯಲ್ಲ, ತಲೆಬಾಗಿಲೇ ಕಾಣಲಿಲ್ಲ. ಒಳಗೆ ಹೋಗುವುದು ಯಾವ ಕಡೆಯಿಂದಪ್ಪ?” ಎಂದು ಕೇಳಿ ನಕ್ಕಳು. ಅವಳ ನಗು ಕೇಳಿ ಇನ್ನೂ ಕೆಲವರು ನಕ್ಕರು. ನಕ್ಕವರನ್ನು ಅವನು ಹಲಗೆ ಮಾಡಲಿಲ್ಲ, ಸಣ್ಣ ತುಂಡುಗಳನ್ನಾಗಿ ಮಾಡಿದ. ಇವು ಒಲೆಗೆ ಎಂದ. ಎಲ್ಲವನ್ನೂ ಗಾಳಿಯಲ್ಲಿ ತೇಲಿಸಿಕೊಂಡು ಬೆಟ್ಟಕ್ಕೆ ಹೋದ.

ಅರಸ ತನ್ನ ದಂಡು ಕಳಿಸಿದ. ದಂಡಿನವರು ಕತ್ತಿ ಹಿರಿದು ಬೆಟ್ಟ ಹತ್ತಿದರು. ಅವರನ್ನೆಲ್ಲ ಬೂದಿಗಣ್ಣ ದಿಮ್ಮಿಗಳನ್ನಾಗಿ ಮಾಡಿದ ಎಂಬ ಸುದ್ದಿ ಬಂತು. ಅಲ್ಲಿಗೆ ಅರಮನೆಯ ಬಾಗಿಲು ಮುಚ್ಚಿತು.

ಆಗ ಕೇತೋಜ ಕೊಟ್ಟಿಗೆಯಿಂದ ಒಂದು ಹೊರೆ ರೀಪು, ಕಾವಿಯ ಭರಣಿ, ಗರಗಸ, ಕೊಡತಿ, ಉಳಿ ತೆಗೆದುಕೊಂಡು ಹೊರಟ. ಊರಬಾಗಿಲಲ್ಲಿ ಕಾವಲುಗಾರ ಕೇಳಿದ, “ಏನು ಓಜರೆ, ಮಾಂತ್ರಿಕನಿಗೆ ಚಳಿ ಹತ್ತಿದೆಯೆ? ಸೌದೆ ಹೊತ್ತುಕೊಂಡು ಹೋಗುತ್ತಿದ್ದೀರಿ.”

“ಮರ ಜೋಡಿಸುವ ಕೆಲಸವಿದೆ,” ಎಂದು ಹೇಳಿ ಕೇತೋಜ ಹೊಳೆ ದಾಟಿದ.

ಬೆಟ್ಟದ ಮೇಲಿನ ಆ ಮನೆ ಮುಗಿದಿರಲಿಲ್ಲ. ಒಂದು ಗೋಡೆ ಆಕಾಶದವರೆಗೆ ಎದ್ದಿತ್ತು, ಅದರ ಪಕ್ಕದ ಗೋಡೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಮೆಟ್ಟಿಲುಗಳು ಹತ್ತಿಹೋಗಿ ಯಾವ ಕೋಣೆಗೂ ಸೇರದೆ ನಿಂತುಬಿಟ್ಟಿದ್ದವು. ಹಿಂದೆ ಉಗ್ರಾಣವಿತ್ತು. ಅದರ ಅಂಗಳದಲ್ಲಿ ಬೂದಿಗಣ್ಣ ಮೈಯೆಲ್ಲ ಧೂಳಾಗಿ ಕೂತಿದ್ದ. ಅವನ ಕಣ್ಣುಗಳಲ್ಲಿ ಪಾಪೆ ಇರಲಿಲ್ಲ. ಎರಡು ಹಿಡಿ ಬೂದಿ ಇತ್ತು.

“ನೀನು ಯಾರು?” ಎಂದ.

“ಬಡಗಿ. ನನ್ನ ಹೆಂಡತಿ ನಿನ್ನ ಉಗ್ರಾಣದಲ್ಲಿದ್ದಾಳೆ.”

“ಇರಬಹುದು. ನನಗೆ ಬೇಕಾದ ತೊಲೆಯೂ ಅಲ್ಲೇ ಇದೆ. ಬೆಳಗಿನಿಂದ ಹುಡುಕುತ್ತಿದ್ದೇನೆ.”

ಕೇತೋಜ ಒಳಗೆ ಇಣುಕಿ ನೋಡಿದ. ದಿಮ್ಮಿಯ ಮೇಲೆ ಹಲಗೆ, ಹಲಗೆಯ ಕೆಳಗೆ ತುಂಡು, ಎಲ್ಲ ಸೇರಿ ಒಂದೇ ರಾಶಿ. ಮಾಂತ್ರಿಕನ ಮನೆ ಯಾಕೆ ಮುಗಿದಿಲ್ಲವೆಂದು ಅವನಿಗೆ ತಿಳಿಯಿತು.

“ನಾನು ಇದನ್ನು ಜೋಡಿಸಿಕೊಡುತ್ತೇನೆ,” ಎಂದ. “ಪೂರ್ತಿ ಮುಗಿಯುವ ತನಕ ನೀನು ಒಂದು ಚಕ್ಕೆಯನ್ನೂ ಎತ್ತಬಾರದು. ಮುಗಿದ ಮೇಲೆ ನನ್ನ ಹೆಂಡತಿಯನ್ನು ನನಗೆ ಕೊಡಬೇಕು.”

“ಒಬ್ಬಳನ್ನೇ?”

“ನೀನು ಎಲ್ಲರನ್ನೂ ಕೊಡುತ್ತೀಯೆ?”

“ಇಲ್ಲ.”

“ಹಾಗಾದರೆ ಕೇಳಿ ಏನು ಫಲ?”

ಬೂದಿಗಣ್ಣ ಒಪ್ಪಿದ. ಆದರೆ ಮೊದಲೇ ಒಂದು ಮಾತು ಹೇಳಿದ. “ಇಲ್ಲಿಂದ ಏನನ್ನಾದರೂ ಒಯ್ಯುವವರು ಇಲ್ಲಿ ಏನನ್ನಾದರೂ ಬಿಟ್ಟುಹೋಗಬೇಕು. ಇದು ನಾನು ಮಾಡಿದ ಕಟ್ಟಳೆಯಲ್ಲ, ಈ ಜಾಗದ್ದು. ಏನನ್ನು ಬಿಡಬೇಕೆಂದು ಯಾರೂ ನಿನ್ನನ್ನು ಕೇಳುವುದಿಲ್ಲ. ಅದು ತಾನಾಗಿಯೇ ಹೋಗುತ್ತದೆ.”

ಕೇತೋಜ ಆಗಲಿ ಎಂದ. ತನ್ನ ಬಳಿ ಬಿಟ್ಟುಹೋಗುವಂಥದ್ದು ಏನಿದೆ ಎಂದುಕೊಂಡ.

ಮೊದಲು ದಿಮ್ಮಿಗಳು. ಅವನು ರಾಶಿಯಿಂದ ಹಲಗೆಗಳನ್ನೂ ತುಂಡುಗಳನ್ನೂ ಬೇರೆಬೇರೆ ಅಂಕಣಗಳಿಗೆ ಸಾಗಿಸಿ, ದಿಮ್ಮಿಗಳಿದ್ದಲ್ಲಿಗೆ ಬಂದ. ನೆಲ ಬಿರಿದು ಕರುವಿನಷ್ಟು ದೊಡ್ಡ ಗೆದ್ದಲಿನ ರಾಣಿ ಮೇಲೆ ಬಂದಳು. ಅವಳ ಬಿಳಿಯ ಹೊಟ್ಟೆ ಉಸಿರಾಡುತ್ತಿತ್ತು.

“ದೂರ ಸರಿ ಬಡಗಿ. ಮಣ್ಣು ಮುಟ್ಟಿದ್ದೆಲ್ಲ ನನ್ನದು.”

“ಮಣ್ಣು ಮುಟ್ಟದಿದ್ದರೆ?”

“ಮುಟ್ಟದಿದ್ದರೆ ನನಗೇನು ಕೆಲಸ?”

ಕೇತೋಜ ಬೆಟ್ಟದಿಂದ ಕಲ್ಲುಗಳನ್ನು ಹೊತ್ತು ತಂದ. ಸನ್ನೆಗೋಲು ಕೊಟ್ಟು ದಿಮ್ಮಿಗಳನ್ನು ಒಂದೊಂದಾಗಿ ಎತ್ತಿ ಕಲ್ಲಿನ ಮೇಲೆ ಕೂರಿಸಿದ. ಪ್ರತಿ ದಿಮ್ಮಿಯನ್ನೂ ಎತ್ತುವ ಮುಂಚೆ ಗಂಟುಗಳನ್ನು ನೋಡುತ್ತಿದ್ದ. ಕೊಂಬೆ ಯಾವ ಕಡೆಗೆ ಬಾಗಿ ಹೊರಟಿತ್ತೋ ಅದು ಮೇಲುಗಡೆ. ಇನ್ನೊಂದು ತುದಿಗೆ ಕಾವಿಯ ಬೊಟ್ಟು. ಎಲ್ಲ ಬುಡಗಳೂ ಬಾಗಿಲ ಕಡೆಗೆ ಬಂದವು. “ಸ್ವಲ್ಪ ಸೈರಿಸಪ್ಪ,” ಎಂದು ಒಂದೊಂದಕ್ಕೂ ಹೇಳುತ್ತಿದ್ದ. ಅವು ದಂಡಿನ ಹುಡುಗರೆಂದು ಅವನು ಮರೆತಿರಲಿಲ್ಲ. ಕೊನೆಯ ದಿಮ್ಮಿ ನೆಲ ಬಿಟ್ಟಾಗ ರಾಣಿ ಮಣ್ಣಿನೊಳಗೆ ಇಳಿದಳು.

ಬೂದಿಗಣ್ಣ ಬಂದು ನೋಡಿದ. ಒಂದು ದಿಮ್ಮಿಯ ಮೈ ಸವರಿ, “ಇದೇ ನನ್ನ ತೊಲೆ. ನಾಳೆ ಗೋಡೆಗೆ ಏರಿಸುತ್ತೇನೆ,” ಎಂದ.

“ಮುಗಿಯುವ ತನಕ ಎತ್ತಬಾರದು,” ಎಂದ ಕೇತೋಜ.

ಆಮೇಲೆ ಹಲಗೆಗಳು. ಅಲ್ಲಿ ಗೋಡೆಯೆಲ್ಲ ಬೆವರಿತ್ತು. ಹಲಗೆಗಳ ಸಂದಿಯಿಂದ ತೇವದ ಹೆಬ್ಬಾವು ತಲೆ ಎತ್ತಿತು. ಅದರ ಮೈ ಮಂಜಿನದು, ಮುಟ್ಟಿದರೆ ಕೈ ಒದ್ದೆಯಾಗುತ್ತಿತ್ತು.

“ದೂರ ಸರಿ ಬಡಗಿ. ಒತ್ತಿಕೊಂಡು ಬಿದ್ದದ್ದೆಲ್ಲ ನನ್ನದು. ನಾನು ನಡುವೆ ಮಲಗುತ್ತೇನೆ, ಅವು ಸೊಟ್ಟಗಾಗುತ್ತವೆ, ಕೊಳೆಯುತ್ತವೆ.”

“ಒತ್ತಿಕೊಳ್ಳದಿದ್ದರೆ?”

“ಒತ್ತಿಕೊಳ್ಳದಿದ್ದರೆ ಗಾಳಿ ಬರುತ್ತದೆ. ಗಾಳಿ ಬಂದಲ್ಲಿ ನನಗೇನು ಕೆಲಸ?”

ಕೇತೋಜ ತಾನು ಹೊತ್ತು ತಂದ ರೀಪಿನ ಹೊರೆ ಬಿಚ್ಚಿದ. ಒಂದು ಹಲಗೆ, ಅದರ ಮೇಲೆ ಅಡ್ಡಲಾಗಿ ರೀಪುಗಳು, ಮತ್ತೆ ಹಲಗೆ, ಮತ್ತೆ ರೀಪುಗಳು. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು; ತಪ್ಪಿದರೆ ಹಲಗೆ ಬಾಗುತ್ತದೆ. ಗಂಟಿಲ್ಲದ ಹಲಗೆಗಳಲ್ಲಿ ಗೆರೆಗಳನ್ನು ನೋಡಿದ. ಗೆರೆಗಳು ಬಾಣದ ಮೊನೆಯಂತೆ ಕೂಡಿಕೊಳ್ಳುವ ಕಡೆ ಮೇಲು, ತೆರೆದುಕೊಳ್ಳುವ ಕಡೆ ಬುಡ. ಬುಡಕ್ಕೆ ಬೊಟ್ಟು. ಸಂತೆಗೆ ಹೊರಟಿದ್ದ ನೆರೆಹೊರೆಯವರು ಇವರೇ ಎಂದುಕೊಂಡು ಮೆಲ್ಲಗೆ ಇಡುತ್ತಿದ್ದ. ಆದರೆ ಹಲಗೆಗಳು ಬಹಳವಿದ್ದವು. ಸೈರಿಸಿ ಎಂದು ಹೇಳುವುದು ಯಾವಾಗ ನಿಂತಿತೋ ಅವನಿಗೇ ತಿಳಿಯಲಿಲ್ಲ. ಕೊನೆಯ ಹಲಗೆ ಇಟ್ಟಾಗ ಕಿಟಕಿಯಿಂದ ಬಂದ ಒಣಗಾಳಿ ಅಟ್ಟಿಯ ನಡುವೆ ಸುಳಿಯಿತು. ಹೆಬ್ಬಾವು ತೆಳ್ಳಗಾಗುತ್ತ, ಇಲ್ಲವಾಯಿತು.

ಬೂದಿಗಣ್ಣ ಬಂದು ಹಲಗೆಗಳನ್ನು ನೋಡಿ ನೆಲಕ್ಕೆ ಇವು, ಮಾಡಿಗೆ ಇವು ಎಂದು ಬೆರಳಿಟ್ಟು ಆರಿಸಿದ. ಅವನಿಗೆ ಖುಷಿಯಾಗಿತ್ತು. ಕೇತೋಜ ಅದೇ ಮಾತನ್ನು ಮತ್ತೆ ಹೇಳಿದ.

ಕೊನೆಗೆ ತುಂಡುಗಳು.

ಆ ಅಂಕಣದ ನಡುವೆ ಒಂದು ನರಿ ಕೂತಿತ್ತು. ಅದರ ಮೈ ಕೆಂಡದ್ದು. ಉಸಿರಾಡಿದಾಗ ಒಳಗೆ ಕೆಂಪಗಾಗಿ ಮತ್ತೆ ಬೂದಿ ಮುಚ್ಚುತ್ತಿತ್ತು.

“ದೂರ ಸರಿ ಬಡಗಿ. ಜಾಗವಿಲ್ಲದ್ದೆಲ್ಲ ನನ್ನದು. ತುಂಡುಗಳಿಗೆ ಎಲ್ಲಿಯೂ ಜಾಗವಿರುವುದಿಲ್ಲ. ಕೊನೆಗೆ ಬೆಂಕಿಗೇ ಬರುತ್ತವೆ.”

“ಜಾಗವಿದ್ದರೆ?”

“ಇದ್ದರೆ ನನಗೇನು ಕೆಲಸ? ಬೇರೆ ಏನಾದರೂ ಹುಡುಕಿಕೊಳ್ಳುತ್ತೇನೆ. ಈ ಮನೆಯಲ್ಲಿ ಜಾಗವಿಲ್ಲದ್ದು ಏನಿದ್ದರೂ ನನಗೆ ಸೇರಬೇಕು.”

ಕೇತೋಜ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ. ಉಗ್ರಾಣದ ಬಾಗಿಲಿನ ಎರಡೂ ಕದಗಳನ್ನು ಕೀಲು ಬಿಡಿಸಿ ಇಳಿಸಿದ. ಬೂದಿಗಣ್ಣ ಕೂರುತ್ತಿದ್ದ ಮಣೆ, ಮಲಗುತ್ತಿದ್ದ ಮಂಚ, ಎರಡನ್ನೂ ತಂದ. ಅವೆಲ್ಲ ಹಳೆಯ ಕಾಡಿನ ಮರಗಳು, ಜನರಲ್ಲ. ಅವನ್ನು ಕೊಯ್ದು ಗೋಡೆಯುದ್ದಕ್ಕೂ ಗೂಡುಗಳನ್ನು ಕಟ್ಟಿದ. ಎಷ್ಟು ಆಳವೆಂದು ಯೋಚಿಸಲಿಲ್ಲ. ಕೈಗೆ ಗೊತ್ತಿದ್ದ ಅಳತೆಯೇ ಬಂತು: ಒಂದು ಮೊಳ.

ಆಮೇಲೆ ತುಂಡುಗಳನ್ನು ಜಾತಿ ನೋಡಿ, ಬುಡ ನೋಡಿ, ಬೊಟ್ಟಿಟ್ಟು ಗೂಡು ಸೇರಿಸುತ್ತ ಹೋದ. ಮೊದಮೊದಲು ಪ್ರತಿ ತುಂಡನ್ನೂ ಅಂಗೈಯಲ್ಲಿ ಹಿಡಿದು, ಇದು ಮಾಚಲೆಯೆ ಎಂದು ಕೇಳಿಕೊಂಡ. ಇವಳಿರಬಹುದು, ಇವಳಲ್ಲ. ಯಾವ ತುಂಡೂ ಉತ್ತರ ಕೊಡಲಿಲ್ಲ. ಕೈ ಮಾತ್ರ ಕೆಲಸ ಬಿಡಲಿಲ್ಲ. ತೇಗ, ಬೀಟೆ, ಹಲಸು, ಮತ್ತಿ. ಬುಡ, ಬೊಟ್ಟು, ಗೂಡು. ಹೊತ್ತು ಹೋದಂತೆ ಸಾಲುಗಳು ನೇರವಾದವು, ಬೊಟ್ಟುಗಳು ಒಂದೇ ಗೆರೆಯಲ್ಲಿ ಕೂತವು. ಎಷ್ಟೋ ದಿನಗಳ ನಂತರ ಅವನ ಮನಸ್ಸಿಗೆ ಹಾಯೆನಿಸಿತು. ಆ ನೆಮ್ಮದಿಯಲ್ಲಿ ಮರ ಬರಿಯ ಮರವಾಗಿ ಕಾಣತೊಡಗಿತು.

ಕೊನೆಯದು ಹೊನ್ನೆಯ ತುಂಡು. ಗೂಡಿಗೆ ಇಟ್ಟ. ಒಂದು ಬೆರಳಗಲ ಹೊರಗೆ ಚಾಚಿತು.

ಕೇತೋಜ ಗರಗಸ ತೆಗೆದುಕೊಂಡ. ಮನೆಯಲ್ಲಿ ಮಾಡುವಂತೆಯೇ ಮಾಡಿದ. ತುಂಡನ್ನು ಮೊಣಕಾಲಿಗೆ ಒತ್ತಿ ಹಿಡಿದು ತುದಿ ಕತ್ತರಿಸಿ ಸಮ ಮಾಡಿದ.

ಹಸಿಯ ಹೊನ್ನೆಗೆ ಏಟು ಬಿದ್ದರೆ ಕೆಂಪು ರಸ ಸುರಿಯುತ್ತದೆ. ಒಣಗಿದ ಹೊನ್ನೆ ಹಾಗೆ ಮಾಡುವುದಿಲ್ಲ. ಈ ತುಂಡು ಒಣಗಿತ್ತು. ಆದರೂ ಕತ್ತರಿಸಿದ ಮುಖದಲ್ಲಿ ಕೆಂಪು ಒಸರಿ ಅವನ ಮೊಣಕಾಲಿನ ಮೇಲೆ ಹನಿಯಿತು.

ಕೇತೋಜನ ಕೈಯಿಂದ ಗರಗಸ ಬಿತ್ತು. ನೆಲದಲ್ಲಿ ಬಿದ್ದಿದ್ದ ಆ ಬೆರಳಗಲದ ಬಿಲ್ಲೆಗೆ ಕೈ ಚಾಚಿದ. ಅಷ್ಟರಲ್ಲಿ ನರಿ ಅದನ್ನು ಕಚ್ಚಿಕೊಂಡಿತ್ತು.

“ಕೊಡು,” ಎಂದ.

“ಇದರ ಜಾಗ ಯಾವುದು?”

ಕೇತೋಜ ಗೂಡುಗಳ ಕಡೆಗೆ ನೋಡಿದ. ಎಲ್ಲ ತುಂಬಿದ್ದವು. ಹೊನ್ನೆಯ ತುಂಡು ಹೋಗಿ ಕೂರಬೇಕಾದ ಜಾಗ ಬಿಟ್ಟರೆ ಎಳ್ಳಷ್ಟೂ ಉಳಿದಿರಲಿಲ್ಲ. ಅವನೇ ಹಾಗೆ ಕಟ್ಟಿದ್ದ.

ನರಿ ಬಿಲ್ಲೆಯನ್ನು ನುಂಗಿತು. ನುಂಗುವಾಗ ಅದರ ಗಂಟಲಿನಲ್ಲಿ ಒಂದು ಸದ್ದಾಯಿತು. ಆ ಸದ್ದು ತಾನು ಎಲ್ಲೋ ಕೇಳಿದ್ದು ಎಂದು ಕೇತೋಜನಿಗೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಅವನು ಹೊನ್ನೆಯ ತುಂಡನ್ನು ಎದೆಗೆ ಒತ್ತಿ ಹಿಡಿದು, ರಸ ನಿಲ್ಲುವವರೆಗೆ ಅಂಗೈಯಿಂದ ಮುಚ್ಚಿ, ಆಮೇಲೆ ಬುಡಕ್ಕೆ ಬೊಟ್ಟಿಟ್ಟು ಗೂಡಿಗೆ ಸೇರಿಸಿದ. ಈಗ ಅದು ಸರಿಯಾಗಿ ಕೂತಿತು.

ಬೂದಿಗಣ್ಣ ಒಳಗೆ ಬಂದ. ಸಾಲುಗಳನ್ನೆಲ್ಲ ನೋಡಿ ಕೈ ಉಜ್ಜಿಕೊಂಡ. “ಮುಗಿಯಿತಲ್ಲ? ನಿನ್ನವಳನ್ನು ಆರಿಸಿಕೊಂಡು ಹೊರಡು. ನನಗೆ ಮನೆ ಕೆಲಸವಿದೆ.”

ನರಿ ಎದ್ದು ನಿಂತಿತು. ದಿಮ್ಮಿಗಳ ಅಂಕಣಕ್ಕೆ ಹೋಗಿ ಮೂಸಿತು, ಎಲ್ಲಕ್ಕೂ ಜಾಗವಿತ್ತು. ಹಲಗೆಗಳ ಅಂಕಣಕ್ಕೆ ಹೋಗಿ ಮೂಸಿತು; ಎಲ್ಲಕ್ಕೂ ಜಾಗವಿತ್ತು. ಗೂಡುಗಳನ್ನು ಮೂಸಿತು, ಎಲ್ಲಕ್ಕೂ ಜಾಗವಿತ್ತು. ಅದಕ್ಕೆ ಇನ್ನೂ ಹಸಿವಿತ್ತು. ಕೇತೋಜನ ಮುಂದೆ ಬಂದು ನಿಂತಿತು.

“ನಿನ್ನ ಜಾಗ ಯಾವುದು?”

“ತೊರೆನಾಡು. ನನ್ನ ಮನೆಯ ಹಿಂದಿನ ಕೊಟ್ಟಿಗೆ.”

ನರಿ ಬೂದಿಗಣ್ಣನ ಕಡೆಗೆ ಮೂತಿ ತಿರುಗಿಸಿ ಕೇತೋಜನನ್ನೇ ಕೇಳಿತು, “ಇವನ ಜಾಗ?”

ಬೂದಿಗಣ್ಣ ತನ್ನ ಮಣೆ ಹುಡುಕಿದ, ಮಂಚ ಹುಡುಕಿದ. ಎರಡೂ ಗೂಡುಗಳಾಗಿ ಗೋಡೆಗೆ ನಿಂತಿದ್ದವು. ಅವನ ಮನೆಯಲ್ಲಿ ಮುಗಿದ ಕೋಣೆ ಒಂದೂ ಇರಲಿಲ್ಲ. ಅವನು ಕೇತೋಜನ ಕಡೆಗೆ ನೋಡಿದ.

“ಇವನಿಗೆ ನಾನು ಜಾಗ ಮಾಡಿಲ್ಲ,” ಎಂದ ಕೇತೋಜ.

ನರಿ ಬಾಯಿ ತೆರೆಯಿತು. ಬೂದಿಗಣ್ಣ ಒಣಗಿದ ಸೌದೆಯಂತೆ ಹತ್ತಿಕೊಂಡು ಉರಿದ. ಉರಿದು ಮುಗಿದಾಗ ಹೊಟ್ಟೆ ತುಂಬಿದ ನರಿಯೂ ತಣ್ಣಗಾಗಿ ಇದ್ದಿಲಿನ ರಾಶಿಯಾಯಿತು.

ಆಗ ದಿಮ್ಮಿಗಳು ಉಸಿರೆಳೆದುಕೊಂಡವು. ದಂಡಿನ ಹುಡುಗರು ಕಲ್ಲುಗಳ ಮೇಲಿನಿಂದ ಇಳಿದರು. ಹಲಗೆಗಳಾಗಿದ್ದವರು ಒಬ್ಬರಿಗೊಬ್ಬರು ಕೈ ಕೊಟ್ಟು ಎದ್ದರು. ಎಲ್ಲರ ಅಂಗಾಲಿನಲ್ಲೂ ಕಾವಿಯ ಬೊಟ್ಟಿತ್ತು. ಗೂಡುಗಳಿಂದ ಬೆಣ್ಣೆ ಮಾರುವವಳು, ಬಳೆಗಾರ, ಒಬ್ಬೊಬ್ಬರಾಗಿ ಹೊರಬಂದರು. ಹೊನ್ನೆಯ ಗೂಡಿನಿಂದ ಮಾಚಲೆ ಇಳಿದಳು. ಅವಳ ಕೈಯಲ್ಲಿ ಬುಟ್ಟಿ ಹಾಗೇ ಇತ್ತು.

ಕೇತೋಜ ಅವಳ ಕೈ ಹಿಡಿದು ಬೆರಳುಗಳನ್ನು ನೋಡಿದ. ಕಿವಿ ನೋಡಿದ, ಕಾಲು ನೋಡಿದ, ಜಡೆ ಬಿಚ್ಚಿಸಿ ನೋಡಿದ. ಎಲ್ಲವೂ ಇದ್ದವು. ಅವಳಿಗೆ ಅವನ ಗುರುತಿತ್ತು, ತವರಿನ ಗುರುತಿತ್ತು, ಒಲೆಯ ಮೇಲೆ ಬಿಟ್ಟುಬಂದ ಹಾಲಿನ ನೆನಪೂ ಇತ್ತು. ಹೋದದ್ದು ಒಂದಿಷ್ಟು ಉಗುರೋ ಕೂದಲೋ ಇರಬೇಕೆಂದು ಅವನು ಸಮಾಧಾನ ಮಾಡಿಕೊಂಡ. ತುಂಡಿನ ತುದಿ ಕತ್ತರಿಸಿದ ಸಂಗತಿಯನ್ನು ಅವಳಿಗೆ ಹೇಳಲಿಲ್ಲ.

ಎಲ್ಲರೂ ಸೇತುವೆ ದಾಟಿ ಊರಿಗೆ ಬಂದರು. ಅರಸ ಬಾಗಿಲು ತೆರೆಸಿದ. ಬೋಳಾಗಿದ್ದ ಬೆಟ್ಟದಲ್ಲಿ ಮುಂದಿನ ಮಳೆಗಾಲಕ್ಕೆ ಸಸಿಗಳು ಎದ್ದವು. ತೊರೆನಾಡಿನವರು ಉಂಡುಟ್ಟು, ಮಕ್ಕಳು ಮರಿಗಳೊಂದಿಗೆ ಸುಖವಾಗಿದ್ದರು. ಕೇತೋಜ ಮಾಚಲೆಯರೂ ಸುಖವಾಗಿದ್ದರು.

ಆದರೆ ಕತೆ ಕೇಳಿದವರು ಇಲ್ಲಿ ತಡೆದು ಕೇಳುತ್ತಾರೆ: ಬಡಗಿ ಅಲ್ಲಿ ಬಿಟ್ಟುಬಂದದ್ದು ಏನು?

ಅದು ಅವನಿಗೂ ಕೂಡಲೇ ತಿಳಿಯಲಿಲ್ಲ. ಊರಿಗೆ ಬಂದ ಮೇಲೆ ಅವನು ಗೂಡುಗಳಿಗೆ ಹೊಂದಿಸಿ ತುಂಡು ಕತ್ತರಿಸುವುದನ್ನು ಬಿಟ್ಟಿದ್ದ. ಉದ್ದವಾದವು ಹೊರಗೆ ಚಾಚಿಕೊಂಡೇ ಇದ್ದವು. ಒಂದು ಮಧ್ಯಾಹ್ನ ಬಳೆಗಾರ ಕೊಟ್ಟಿಗೆಗೆ ಬಂದ. ಮಾತಾಡುತ್ತ ಹಿಂದೆ ಸರಿಯುವಾಗ ಅವನ ರುಮಾಲು ಒಂದು ತೇಗದ ತುಂಡಿಗೆ ಸಿಕ್ಕಿ, ಬಿಡಿಸಿಕೊಳ್ಳಲು ತಿರುಗಿದಷ್ಟೂ ಬಿಚ್ಚಿ, ಕೊನೆಗೆ ಅವನು ರುಮಾಲಿನ ಒಳಗೇ ಸುತ್ತಿಕೊಂಡು ನಿಂತ. ಅಕ್ಕಪಕ್ಕದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಳೆಗಾರನೂ ನಕ್ಕ. ಕೇತೋಜ ಕೂಡ ನಗುತ್ತ ಮಾಚಲೆಯ ಕಡೆಗೆ ನೋಡಿದ. ಮೂಗಿನ ಆ ಸಣ್ಣ ಸದ್ದಿಗಾಗಿ ಕಾದ.

ಅವಳು ಬಾಯಿ ಅರ್ಧ ತೆರೆದು, ಏನನ್ನೋ ಹುಡುಕುವವಳಂತೆ ನಿಂತಿದ್ದಳು.

“ಏನೋ ಬರಬೇಕಿತ್ತು,” ಎಂದಳು. “ಬರಲಿಲ್ಲ.”

ನರಿಯ ಗಂಟಲಿನ ಸದ್ದು ಯಾವುದೆಂದು ಕೇತೋಜನಿಗೆ ಆಗ ಹೊಳೆಯಿತು.